ಕ್ಯಾಮೆರಾದ ಪಕ್ಕದ ದನಿ

ಬ್ರೋಕನ್ ಬೋ, ನೆಬ್ರಾಸ್ಕಾ
೬ ಜೂನ್ ೧೯೩೭

ತಮ್ಮ ಆರಿನ್‌ಗೆ,

ನೋಡಿದೆ. ಕೊನೆಗೂ ನಿನ್ನನ್ನು ಬೆಳ್ಳಿತೆರೆಯ ಮೇಲೆ ನೋಡಿದೆ. ಭಾನುವಾರ ನಮ್ಮ ನಾಟಕದ ಡೇರೆಗೆ ರಜೆ. ಈ ಊರಿನ ಪಾದ್ರಿ ಭಾನುವಾರ ನಾಟಕ ಆಡಲು ಬಿಡುವುದಿಲ್ಲ, ಸಿನಿಮಾಗೆ ಮಾತ್ರ ತಾನೇ ಮುಂದಿನ ಸಾಲಿನಲ್ಲಿ ಬಂದು ಕೂರುತ್ತಾನೆ. ನಾನೂ ನಿನ್ನತ್ತಿಗೆ ಮಿನೆಟ್ಟೂ ಅವನ ಹಿಂದೆಯೇ ಕೂತೆವು. ನಾಯಕ ಬಂದ, ನಾಯಕಿ ಬಂದಳು, ಅವರ ಕುದುರೆಯೂ ಬಂತು. ನೀನು ಬರಲಿಲ್ಲ. ಮನೆಗೆ ಹೋಗೋಣವೆಂದು ಟೋಪಿ ಕೈಗೆತ್ತಿಕೊಂಡೆ ನೋಡು, ಗಿರವಿ ಅಂಗಡಿಯ ಬಾಗಿಲು ಕಿರ್ರೆಂದಿತು. ಗಲ್ಲಾದ ಹಿಂದಿನಿಂದ ಮೊದಲು ಎರಡು ಕಿವಿ ಎದ್ದವು, ಆಮೇಲೆ ನೀನು ಎದ್ದೆ.

ಒಂದು ಉಂಗುರವನ್ನು ಬೆಳಕಿಗೆ ಹಿಡಿದೆ. ಎಡಗಣ್ಣು ಕಿರಿದು ಮಾಡಿದೆ. "ಹಿತ್ತಾಳೆ" ಎಂದೆ. ಅಷ್ಟೇ. ಸಭೆಗೆ ಸಭೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ನನ್ನ ಹಿಂದೆ ಕೂತ ರೈತನೊಬ್ಬ ಹೆಂಡತಿಗೆ ಹೇಳುತ್ತಿದ್ದ: "ನೋಡೇ, ಬಂದ ಮತ್ತೆ."

"ಯಾರ್ರೀ ಇವನು?"

"ಅವನೇ ಕಣೇ, ಕಿವಿಯವನು. ಹೋದ ವಾರ ಹೆಣ ಹೂಳೋನಾಗಿದ್ದ."

"ಹೆಸರೇನಂತೆ?"

"ಹೆಸರು ಯಾವನಿಗೆ ಗೊತ್ತು. ಬಾಗಿಲು ಕಿಟಕಿ ಇದ್ದ ಹಾಗೆ, ಎಲ್ಲಾ ಪಿಕ್ಚರಲ್ಲೂ ಇರ್ತಾನೆ."

ಮಿನೆಟ್ ನನ್ನ ಪಕ್ಕೆ ತಿವಿದಳು. "ತಿರುಗಿ ಹೇಳಿ, ನಿಮ್ಮ ತಮ್ಮ ಅಂತ." ನಾನು ಹೇಳಲಿಲ್ಲ. ಆಟ ನಡೆಯುತ್ತಿರುವಾಗ ಮಾತನಾಡುವುದು ಸಭ್ಯತೆಯಲ್ಲ. ಆಟ ಮುಗಿದ ಮೇಲೆ ಯಾಕೆ ಹೇಳಲಿಲ್ಲ ಎಂದು ಅವಳು ದಾರಿಯುದ್ದಕ್ಕೂ ಕೇಳಿದಳು. ಆಗ ನನಗೆ ತಲೆನೋವು ಬಂದಿತ್ತು.

ಆ ಎಡಗಣ್ಣಿನ ವಿದ್ಯೆ ಎಲ್ಲಿಂದ ಬಂತೆಂದು ನಿನಗೆ ನೆನಪಿದೆ ತಾನೆ? ನೀನು ಹತ್ತೊಂಬತ್ತು ವರ್ಷದವನಿದ್ದಾಗಲೇ ಗಡ್ಡ ಅಂಟಿಸಿಕೊಂಡು ನನ್ನ ಅಪ್ಪನ ಪಾತ್ರಕ್ಕೆ ನಿಂತವನು. ನಾನು ನಾಯಕ, ನನಗಿಂತ ಕಿರಿಯನಾದ ನೀನು ನನ್ನ ಮುದಿ ತಂದೆ. ಗಡ್ಡದ ಅಂಟು ಕಣ್ಣಿಗೆ ಇಳಿದು ಉರಿಯುತ್ತಿತ್ತು, ಕಣ್ಣು ಕಿರಿದಾಗುತ್ತಿತ್ತು. ಇವತ್ತು ಅದು ಕಲೆಯಾಗಿದೆ. ಸಂತೋಷ.

ಇಲ್ಲಿ ಎಲ್ಲರೂ ಕ್ಷೇಮ. ಬೆಂಚುಗಳು ಮಾತ್ರ ಮೊದಲಿನಷ್ಟು ತುಂಬುವುದಿಲ್ಲ. ನನಗೇನೂ ಬೇಡ, ಸುಮ್ಮನೆ ಕೇಳುತ್ತೇನೆ: ಐವತ್ತರ ಹತ್ತಿರದ, ಎತ್ತರದ, ಕೂದಲುದುರದ, ಕೊನೆಯ ಬೆಂಚಿಗೂ ಕೇಳುವ ಕಂಠವಿರುವ ಗಂಡಸರು ನಿಮ್ಮ ಹಾಲಿವುಡ್‌ನಲ್ಲಿ ಬೇಕಾದಷ್ಟು ಇದ್ದಾರೋ?

ನಿನ್ನ ಅಣ್ಣ,
ಡೆಲ್ಮಾರ್ ಪೆಟಿಬೋನ್


ಹಾಲಿವುಡ್
೧೯ ಜೂನ್ ೧೯೩೭

ಅಣ್ಣಾ,

ನಿನ್ನ ಕಾಗದವನ್ನು ಬಣ್ಣದ ಕೋಣೆಯಲ್ಲಿ ಕೂತು ಓದಿದೆ. ಹಣೆಯ ಮೇಲೆ ಗುಂಡಿನ ಗಾಯ ಬರೆಯುತ್ತಿದ್ದವನು "ನಗಬೇಡಿ ಸಾರ್, ರಕ್ತ ಕದಡತ್ತೆ" ಎಂದು ಬೈದ.

ನೀನು ನನ್ನನ್ನು ಏನೆಂದುಕೊಂಡಿದ್ದೀಯೋ ಗೊತ್ತಿಲ್ಲ. ಈ ವರ್ಷ ನಾನು ಷೆರಿಫ್ ಆದೆ, ಬಟ್ಲರ್ ಆದೆ, ಮದ್ಯದಂಗಡಿಯವನಾದೆ, ಕುದುರೆ ಕದ್ದು ನೇಣಿಗೇರಿದೆ. ಬೆಳಿಗ್ಗೆ ಒಂದು ಕಡೆ ಸತ್ತು ಮಧ್ಯಾಹ್ನ ಇನ್ನೊಂದು ಕಡೆ ಟ್ರೇ ಹಿಡಿದು ನಿಲ್ಲುತ್ತೇನೆ. ಒಂದು ಚಿತ್ರದಲ್ಲೂ ಒಬ್ಬ ಹೆಣ್ಣಿನ ಕೈ ಹಿಡಿದಿಲ್ಲ. ಸತ್ತು ಬಿದ್ದರೆ ಅಳುವವರಿಲ್ಲ, "ಏಳಯ್ಯಾ, ಊಟದ ಹೊತ್ತಾಯ್ತು" ಎನ್ನುತ್ತಾರೆ. ನೀನೋ, ದಿನಾ ಸಂಜೆ ಮಿನೆಟ್ಟನ್ನು ತೋಳಿನಲ್ಲಿ ಎತ್ತಿಕೊಂಡು ದೀಪದ ಮುಂದೆ ನಿಲ್ಲುತ್ತೀ. ಜೋಳದ ಹೊಲದಿಂದ ನೇರವಾಗಿ ಬಂದವರು ಎದ್ದು ನಿಂತು ನಿನಗೆ ಚಪ್ಪಾಳೆ ಹೊಡೆಯುತ್ತಾರೆ. ಆ ಸದ್ದನ್ನು ನಾನು ಈಗಲೂ ನೆನೆಸಿಕೊಳ್ಳುತ್ತೇನೆ. ಅದು ಯಾವತ್ತೂ ನನಗಾಗಿ ಇರಲಿಲ್ಲ, ಆದರೂ ನೆನೆಸಿಕೊಳ್ಳುತ್ತೇನೆ.

ಇಲ್ಲಿಯ ಒಂದು ಪದ್ಧತಿ ಹೇಳುತ್ತೇನೆ, ಕೇಳು. ಇಬ್ಬರು ಎದುರುಬದುರು ಮಾತನಾಡುವ ದೃಶ್ಯವಿದ್ದರೆ ಮೊದಲು ಒಬ್ಬನ ಮುಖವನ್ನು ಹತ್ತಿರದಿಂದ ತೆಗೆಯುತ್ತಾರೆ, ಆಮೇಲೆ ಇನ್ನೊಬ್ಬನದು. ಒಬ್ಬನ ಮುಖ ತೆಗೆಯುವಾಗ ಇನ್ನೊಬ್ಬ ಕ್ಯಾಮೆರಾದ ಪಕ್ಕ ಕತ್ತಲಲ್ಲಿ ನಿಂತು ತನ್ನ ಮಾತು ಹೇಳಿಕೊಡಬೇಕು. ಎದುರಿಗೆ ಮಾತು ಬಂದರೆ ತಾನೆ ಈಚೆಯವನ ಮುಖದಲ್ಲಿ ಜೀವ ಬರುವುದು? ಆದರೆ ದೊಡ್ಡ ತಾರೆಗಳು ತಮ್ಮದು ಮುಗಿದ ಕೂಡಲೇ ಕಾರು ಹತ್ತುತ್ತಾರೆ. ಆಗ ನಮಗೆ ಮಾತು ಕೊಡುವವಳು ಕಥೆಯ ಹಾಳೆ ಹಿಡಿದು ಕೂತ ಹುಡುಗಿ. ನಾನು ಅವಳನ್ನು ಕೊಂದಿದ್ದೇನೆ, ಅವಳಿಗೆ ಸಲಾಮು ಹೊಡೆದಿದ್ದೇನೆ, ಅಮ್ಮಾ ಎಂದು ಅವಳ ಮುಂದೆ ಅತ್ತಿದ್ದೇನೆ. ಅವಳು ಪಾಪ ಚ್ಯೂಯಿಂಗ್ ಗಮ್ ಜಗಿಯುತ್ತಾ ಓದುತ್ತಾಳೆ.

ಈಗ ವಿಷಯಕ್ಕೆ ಬರುತ್ತೇನೆ. ಹಾಲ್ವರ್ಸನ್ ಎಂಬ ನಿರ್ದೇಶಕ ಸೆಪ್ಟೆಂಬರ್‌ನಲ್ಲಿ ಒಂದು ಚಿತ್ರ ಶುರು ಮಾಡುತ್ತಾನೆ. ಅದರಲ್ಲಿ ಇಬ್ಬರು ಅಣ್ಣತಮ್ಮಂದಿರು. ತಮ್ಮ ಕಳ್ಳ, ಜೈಲಿನಲ್ಲಿದ್ದಾನೆ, ಅದು ನಾನು. ಅಣ್ಣ ಜಡ್ಜ್. ತಮ್ಮನನ್ನು ನೋಡಲು ಬರುತ್ತಾನೆ, ಒಂದೇ ದೃಶ್ಯ, ಆದರೆ ಇಡೀ ಚಿತ್ರ ಅದರ ಮೇಲೆ ನಿಂತಿದೆ. ಜಡ್ಜ್ ಇನ್ನೂ ಸಿಕ್ಕಿಲ್ಲ. ನಿನ್ನ ವಿಷಯ ಹೇಳಿದೆ. "ನಿಜವಾದ ಅಣ್ಣನಾ? ಕರಕೊಂಡು ಬಾ" ಎಂದ.

ಬರುತ್ತೀಯಾ?

ನಿನ್ನ ತಮ್ಮ,
ಆರಿನ್


ಕರ್ನಿ, ನೆಬ್ರಾಸ್ಕಾ
೨೭ ಜೂನ್ ೧೯೩೭

ಆರಿನ್,

ಬರುತ್ತೇನೆ. ಡೇರೆಯನ್ನು ಮಿನೆಟ್ ಕೈಗೆ ಒಪ್ಪಿಸುತ್ತೇನೆ. ನನ್ನ ಪಾತ್ರ ಮಾಡಲು ಅವಳ ಸೋದರಮಾವನಿದ್ದಾನೆ. ಹೊಟ್ಟೆ ಸ್ವಲ್ಪ ಮುಂದಿದೆ, ಬೆಲ್ಟು ಬಿಗಿದರೆ ನಡೆಯುತ್ತದೆ.

ಹಾಲ್ವರ್ಸನ್‌ಗೆ ಹೇಳು: ನನ್ನ ದನಿ ತಡೆಯುವ ಯಂತ್ರ ಇಟ್ಟಿರಲಿ. ಬಿರುಗಾಳಿ ಬಂದು ಡೇರೆಯ ಹಗ್ಗ ಕಿತ್ತ ದಿನವೂ ಕೊನೆಯ ಬೆಂಚಿನವನಿಗೆ ನನ್ನ ಒಂದಕ್ಷರ ತಪ್ಪಿರಲಿಲ್ಲ.

ನಾಟಕದಲ್ಲಿ ಯಾವಾಗಲೂ ನನ್ನ ಹಿಂದೆ ನಿಂತವನು ನೀನು, ಈಗ ನನಗೆ ಬಾಗಿಲು ತೆಗೆಯುತ್ತಿರುವವನೂ ನೀನೇ. ಇದನ್ನು ನೆನೆದರೆ ಸಂತೋಷವೇ ಆಗುತ್ತದೆ, ನಿಜವಾಗಿ.

ಡೆಲ್ಮಾರ್


ಹಾಲಿವುಡ್
೩ ಅಕ್ಟೋಬರ್ ೧೯೩೭

ಅಣ್ಣಾ,

ನೀನು ಊರು ಸೇರಿದೆ ಎಂದು ಮಿನೆಟ್ ಬರೆದಳು. ನೀನು ಬರೆಯಲಿಲ್ಲ.

ಜೈಲಿನ ದೃಶ್ಯ ತೆಗೆದ ದಿನ ಸಂಜೆ ಮನೆಯಲ್ಲಿ ನಿನಗಾಗಿ ಊಟಕ್ಕೆ ಕಾದೆ. ಬೇಯಿಸಿದ ಮಾಂಸ ಮೇಜಿನ ಮೇಲೇ ತಣ್ಣಗಾಯಿತು. ಸ್ಟುಡಿಯೊಗೆ ಫೋನು ಮಾಡಿದರೆ ಗೇಟಿನವನು ಹೇಳಿದ: "ಜಡ್ಜ್ ಸಾಹೇಬ್ರಾ? ಬಣ್ಣಾನೂ ತೆಗೀದೆ ಬಸ್ ಹತ್ತಿದ್ರಲ್ಲ. ನಾನು ನಮಸ್ಕಾರ ಹೊಡೆದೆ, ನೋಡಲೇ ಇಲ್ಲ." ನಿನ್ನ ಪೆಟ್ಟಿಗೆಯನ್ನು ರೈಲಿಗೆ ಹಾಕಿದ್ದೇನೆ.

ಇಡೀ ವಾರ ಚೆನ್ನಾಗಿಯೇ ಇತ್ತಲ್ಲ? ಕಂಬಿಗಳ ಆಚೆ ನೀನು, ಈಚೆ ನಾನು. ಆ ಬೆಳಿಗ್ಗೆ ನಿನ್ನ ಮುಖ ತೆಗೆದರು. ನಾನು ಕ್ಯಾಮೆರಾದ ಪಕ್ಕ ನಿಂತು ನನ್ನ ಮಾತು ಕೊಟ್ಟೆ. ಕೊಟ್ಟದ್ದು ಬರೀ ಮಾತಲ್ಲ, ನಿನಗೆ ಗೊತ್ತು. ನಾನು ನಿಜವಾಗಿಯೂ ಅತ್ತೆ. ದೀಪದವರು ಕೂಡ ಮೂಗು ಒರೆಸಿಕೊಂಡರು. ಕ್ಯಾಮೆರಾ ನನ್ನ ಕಡೆಗೆ ಇರಲೇ ಇಲ್ಲ, ಎಲ್ಲ ನಿನಗಾಗಿ.

ಮಧ್ಯಾಹ್ನ ನನ್ನ ಸರದಿ. ನೀನು ಕತ್ತಲಲ್ಲಿ ನಿಂತೆ. "ಅಮ್ಮನಿಗೆ ಹೇಳ್ತೀನಿ. ನೀನು ಚೆನ್ನಾಗಿದೀಯ ಅಂತ ಹೇಳ್ತೀನಿ." ಬೆಳಿಗ್ಗೆ ಆ ಮಾತಿಗೆ ನಿನ್ನ ಗಂಟಲು ಕಟ್ಟಿತ್ತು. ಮಧ್ಯಾಹ್ನ ಅದನ್ನು ರೈಲಿನ ವೇಳಾಪಟ್ಟಿ ಓದಿದಂತೆ ಓದಿದೆ. ಚ್ಯೂಯಿಂಗ್ ಗಮ್ಮಿನ ಹುಡುಗಿಯೂ ಅಷ್ಟು ಒಣಕಲಾಗಿ ಓದುವುದಿಲ್ಲ. ನಾನು ಕಂಬಿ ಹಿಡಿದು ಕಾದೆ, ಈಗ ಅಣ್ಣ ಬರುತ್ತಾನೆ, ಮುಂದಿನ ಮಾತಿಗೆ ಬರುತ್ತಾನೆ ಎಂದು. ನೀನು ಬರಲೇ ಇಲ್ಲ. ಇನ್ನೊಂದು ಸಲ ತೆಗೆಯೋಣ ಎಂದು ಕೇಳುವಷ್ಟರಲ್ಲಿ ಹಾಲ್ವರ್ಸನ್ "ಸಾಕು, ಸಿಕ್ಕಿತು" ಎಂದುಬಿಟ್ಟ. ತಿರುಗಿ ನೋಡಿದರೆ ನೀನು ನಿಂತಿದ್ದ ಜಾಗ ಖಾಲಿ.

ನಾನೇನು ಮಾಡಿದ್ದೆ?

ಆರಿನ್


ಹಾಲಿವುಡ್
೨೮ ನವೆಂಬರ್ ೧೯೩೭

ಅಣ್ಣಾ,

ಎರಡು ಕಾಗದಕ್ಕೆ ಉತ್ತರವಿಲ್ಲ. ಇದನ್ನಾದರೂ ಓದು, ಏಕೆಂದರೆ ಬೇರೆ ಯಾರಾದರೂ ಹೇಳುವ ಮೊದಲು ನಾನೇ ಹೇಳಬೇಕು.

ನಿನ್ನೆ ಪಸಡೀನಾದಲ್ಲಿ ಚಿತ್ರವನ್ನು ಜನಕ್ಕೆ ತೋರಿಸಿ ಪರೀಕ್ಷೆ ಮಾಡಿದರು. ಜೈಲಿನ ದೃಶ್ಯ ಬಂದಾಗ ಯಾರೂ ಕೆಮ್ಮಲಿಲ್ಲ. ನಿನ್ನ ಮುಖ ಅದರಲ್ಲಿಲ್ಲ, ಅಣ್ಣಾ. ನಿನ್ನ ಬೆನ್ನಿದೆ, ಟೋಪಿಯಿದೆ. ಆಮೇಲೆ ದೃಶ್ಯ ಮುಗಿಯುವವರೆಗೂ ತೆರೆಯ ತುಂಬ ನನ್ನ ಮುಖವೇ. ಕಂಬಿ ಹಿಡಿದು ಕಾಯುತ್ತಿರುವ ಮುಖ.

ಕತ್ತಲಿನಿಂದ ನಿನ್ನ ದನಿ ಬರುತ್ತದೆ. ಸಾಮಾನ್ಯವಾಗಿ ಪಕ್ಕದಲ್ಲಿ ನಿಂತು ಹೇಳಿಕೊಟ್ಟ ಮಾತನ್ನು ಎಸೆದು, ಮುಖ ತೆಗೆದಾಗ ಆಡಿದ ಮಾತನ್ನೇ ಸೇರಿಸುತ್ತಾರೆ. ಇಲ್ಲಿ ಹಾಗೆ ಮಾಡಿ ನೋಡಿದರಂತೆ. ನಿನ್ನ ಬೆಳಗಿನ ಗದ್ಗದ ದನಿಯನ್ನು ಹಾಕಿದರೆ ನನ್ನ ಮುಖ ಹುಚ್ಚನ ಮುಖದಂತೆ ಕಂಡಿತಂತೆ. ಆ ಒಣ ದನಿಯನ್ನು ಹಾಕಿದರೆ ಮಾತ್ರ ಮುಖಕ್ಕೆ ಅರ್ಥ ಬಂತಂತೆ. ಅದಕ್ಕೆ ಅದನ್ನೇ ಇಟ್ಟಿದ್ದಾರೆ.

ಹೊರಗೆ ಬಂದಾಗ ಒಬ್ಬಾಕೆ ನನ್ನ ಕೈ ಹಿಡಿದು ಅತ್ತಳು. ನನಗೆ ಮೂರು ವರ್ಷದ ಕರಾರು ಕೊಡುತ್ತಾರೆ. ತೆರೆಯ ಮೇಲೆ ನನ್ನ ಹೆಸರು ಒಂಟಿಯಾಗಿ, ಇತರರ ಗುಂಪಿನಲ್ಲಿ ಅಲ್ಲ.

ಇದನ್ನು ನಿನಗೆ ಹೇಗೆ ಹೇಳಲಿ ಎಂದು ಗೊತ್ತಾಗಲಿಲ್ಲ. ಹೇಳಿದೆ.

ಆರಿನ್


ಗ್ರ್ಯಾಂಡ್ ಐಲೆಂಡ್, ನೆಬ್ರಾಸ್ಕಾ
೧೩ ಫೆಬ್ರವರಿ ೧೯೩೮

ಆರಿನ್,

ಏನು ಮಾಡಿದ್ದೆ ಎಂದು ಕೇಳಿದ್ದೆ. ನೀನು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದೆ.

ನೆನಪು ಮಾಡಿಕೋ. ಸ್ಟುಡಿಯೊದ ಊಟದ ಮೇಜು. ನಾನಿನ್ನೂ ಜಡ್ಜಿನ ಕೋಟಿನಲ್ಲಿದ್ದೆ, ಬೆಳಗಿನ ಗೆಲುವು ಮೈಮೇಲಿತ್ತು. ಹಾಲ್ವರ್ಸನ್ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟ. "ಡೆಲ್, ನಿನ್ನ ಮುಖ ತುಂಬಾ ಚೆನ್ನಾಗಿದೆ. ಅದೇ ತೊಂದರೆ. ಅಲ್ಲಿ ಕ್ಯಾಮೆರಾಕ್ಕೆ ಹುಡುಕೋಕೆ ಏನೂ ಇಲ್ಲ. ನಾವು ತಮ್ಮನ ಮೇಲೇ ಇರ್ತೀವಿ, ಬೇಜಾರಿಲ್ಲ ತಾನೆ?" ಬೇಜಾರಿಲ್ಲ ಎಂದೆ. ಇಪ್ಪತ್ತೈದು ವರ್ಷ ನಾಯಕನಾಗಿದ್ದವನಿಗೆ ಅಷ್ಟು ನಟನೆ ಬರುತ್ತದೆ. ಹೇಳಿ ನಿನ್ನ ಕಡೆ ನೋಡಿದೆ. ನೀನು ತಲೆ ಎತ್ತಲಿಲ್ಲ. ಬೆಣ್ಣೆಯನ್ನು ಬ್ರೆಡ್ಡಿನ ನಾಲ್ಕು ಮೂಲೆಗೂ ಹಚ್ಚಿದೆ, ಆಮೇಲೆ ಅಂಚಿಗೂ ಹಚ್ಚಿದೆ. ಆರಿನ್, ಬಚ್ಚಿಟ್ಟ ನಗುವನ್ನು ಕಂಡುಹಿಡಿಯುವುದೇ ನನ್ನ ಕಸುಬು. ನಿನ್ನ ಕಿವಿಗಳು ಕೆಂಪಾಗಿದ್ದವು.

ಮಧ್ಯಾಹ್ನ ಕತ್ತಲಲ್ಲಿ ನಿಂತೆ. ದೀಪಗಳೆಲ್ಲ ನಿನ್ನ ಮುಖದ ಮೇಲೆ. ಚಿಕ್ಕವರಿದ್ದಾಗ ಕನ್ನಡಿಯ ಮುಂದೆ ನಿಲ್ಲಲು ನಾಚುತ್ತಿದ್ದೆಯಲ್ಲ, ಅದೇ ಮುಖ. ನನಗೆ ಮೈಯೆಲ್ಲ ಉರಿಯಿತು. ಈ ಮುಖಕ್ಕೆ ನನ್ನಿಂದ ಒಂದು ಹನಿಯೂ ಸಿಗಕೂಡದು ಎಂದುಕೊಂಡೆ. ನಿನ್ನ ದೃಶ್ಯ ಸಪ್ಪೆಯಾಗಲಿ, ನೆಲಕ್ಕೆ ಬೀಳಲಿ ಎಂದುಕೊಂಡೆ. ಅದಕ್ಕೇ ಹಾಗೆ ಓದಿದೆ.

ಬಿತ್ತೇ? ಎದ್ದು ಕೂತಿತು. ನಿನ್ನೆ ಇಲ್ಲಿಯ ಚಿತ್ರಮಂದಿರದಲ್ಲಿ ನಾನೇ ಕಣ್ಣಾರೆ ನೋಡಿದೆ. ನಾನು ಕೊಡದೆ ಹಿಡಿದಿಟ್ಟದ್ದು ನಿನ್ನ ಮುಖದ ತುಂಬ ಇದೆ. ನಿನಗೆ ಒಳ್ಳೆಯದು ಮಾಡಬೇಕೆಂದು ಹೊರಟಿದ್ದರೆ ನನ್ನಿಂದ ಇಷ್ಟು ಒಳ್ಳೆಯದು ಆಗುತ್ತಿರಲಿಲ್ಲ.

ನನ್ನ ಮುಂದಿನ ಸಾಲಿನಲ್ಲಿ ಇಬ್ಬರು ಹೆಂಗಸರು ಕೂತಿದ್ದರು. ಒಬ್ಬಳು ಕೇಳಿದಳು: "ಯಾರದೇ ಆ ದನಿ? ನನಗೆ ಮೈ ಜುಮ್ ಅಂತು."

"ಅವನ ಅಣ್ಣ ಅಂತೆ."

"ಇಂಥ ಅಣ್ಣನ್ನ ಕಟ್ಕೊಂಡು ಅವನು ಕಳ್ಳನಾಗದೆ ಇನ್ನೇನಾಗ್ತಾನೆ?"

ಅವರು ಎದ್ದು ಹೋದ ಮೇಲೂ ನಾನು ಕೂತೇ ಇದ್ದೆ. ಇಷ್ಟು ವರ್ಷ ಕೂಗಿ ಕೂಗಿ ಕೊನೆಯ ಬೆಂಚನ್ನು ಮುಟ್ಟಿದವನು ನಾನು. ಆ ದಿನ ಮಾತ್ರ ಕೂಗಲಿಲ್ಲ, ಆ ದಿನದ್ದೇ ಅವರ ಮೈಗೆ ನಾಟಿತು. ಇದನ್ನು ಯಾರಿಗೆ ಹೇಳಲಿ?

ಒಂದು ಮಾತು ಕೇಳುತ್ತೇನೆ. ಅಲ್ಲಿ ಯಾರಾದರೂ ಆ ದನಿ ಯಾರದೆಂದು ವಿಚಾರಿಸಿದರೋ?

ಡೆಲ್ಮಾರ್


ಹಾಲಿವುಡ್
೨ ಮಾರ್ಚ್ ೧೯೩೮

ಅಣ್ಣಾ,

ಕಾಗದ ತಲುಪಿತು. ಬೆಣ್ಣೆಯ ವಿಷಯ ನನಗೆ ನೆನಪಿಲ್ಲ.

ದನಿಯ ಬಗ್ಗೆ ಕೇಳಿದ್ದೆ. ಇಲ್ಲ, ಹಾಗೆ ವಿಶೇಷವಾಗಿ ಯಾರೂ ವಿಚಾರಿಸಲಿಲ್ಲ. ಇಲ್ಲಿ ಒಂದು ಚಿತ್ರ ಮುಗಿದರೆ ಅದನ್ನು ಮರೆತುಬಿಡುತ್ತಾರೆ. ನೀನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಇಲ್ಲಿಯ ಬದುಕು ನಿನಗೆ ಹಿಡಿಸುವುದೂ ಇಲ್ಲ: ಚಪ್ಪಾಳೆಯಿಲ್ಲ, ಮುಂಜಾನೆಯೇ ಎದ್ದು ಬಣ್ಣಕ್ಕೆ ಕೂರಬೇಕು, ಒಣ ಹವೆಗೆ ಗಂಟಲು ಕೆಡುತ್ತದೆ. ಡೇರೆಗೆ ನೀನೇ ಆಧಾರ. ಮಿನೆಟ್ಟಿಗೂ ಊರು ಬಿಡುವುದು ಕಷ್ಟ.

ಪೇಪರಿನವನೊಬ್ಬ ನನ್ನ ಮನೆಗೇ ಬಂದಿದ್ದ. ನನ್ನ ನಟನೆಯ ಬಗ್ಗೆ ಬಹಳ ಹೊತ್ತು ಮಾತನಾಡಿದ. ಹೋಗುವಾಗ ಇನ್ನೇನೋ ಕೇಳಿದ, ಅದು ಮುಖ್ಯವಲ್ಲ.

ಮಿನೆಟ್ಟಿಗೆ ನನ್ನ ನೆನಪು ಹೇಳು.

ಆರಿನ್


ಲೂಪ್ ಸಿಟಿ, ನೆಬ್ರಾಸ್ಕಾ
೨೨ ಮೇ ೧೯೩೮

ನನ್ನ ತಮ್ಮ ಆರಿನ್‌ಗೆ,

ಕೂತುಕೊಂಡು ಓದು. ನಿಂತಿದ್ದರೆ ಏನನ್ನಾದರೂ ಹಿಡಿದುಕೋ.

ಮೊನ್ನೆ ಗುರುವಾರ ಬೆಳಿಗ್ಗೆ ಡೇರೆಯ ಗೂಟ ಹೊಡೆಸುತ್ತಿದ್ದೆ. ಧೂಳು ಮೆತ್ತಿಕೊಂಡ ಕಾರೊಂದು ಬಂದು ನಿಂತಿತು. ಒಳಗಿನಿಂದ ನಗರದ ಬೂಟು ಹಾಕಿದವನೊಬ್ಬ ಇಳಿದು ಸೀದಾ ಕೆಸರಿಗೆ ಕಾಲಿಟ್ಟ. ಗ್ಯಾಫ್ನಿ ಎಂದು ಅವನ ಹೆಸರು, ನಿಮ್ಮ ಸ್ಟುಡಿಯೊಗೆ ನಟರನ್ನು ಹುಡುಕಿಕೊಡುವವನು.

"ಡೆಲ್ಮಾರ್ ಪೆಟಿಬೋನ್ ಅಂದ್ರೆ ನೀವೇನಾ?"

"ಸಂಜೆ ಟಿಕೆಟ್ ತಗೊಂಡು ಬಂದ್ರೆ ಗೊತ್ತಾಗತ್ತೆ" ಎಂದೆ.

"ನಿಮ್ಮನ್ನ ಹುಡುಕಿ ಸಾಕಾಯ್ತು ಮಾರಾಯ್ರೇ. ಆ ಜೈಲಿನ ದನಿ ಬೇಕು ಅಂತ ಹಾಲ್ವರ್ಸನ್ ಡಿಸೆಂಬರಿಂದ ನನ್ನ ಪ್ರಾಣ ತಿಂತಿದಾನೆ. ನಿಮ್ಮ ತಮ್ಮನ್ನ ಎಷ್ಟು ಸಲ ಕೇಳಿದೆ ಗೊತ್ತಾ? ವಿಳಾಸ ಗೊತ್ತಿಲ್ಲ, ಕಾಗದಪತ್ರ ಇಲ್ಲ ಅಂದ. ಕಚೇರೀಲಿ ನೀವು ಬರೆಸಿದ್ದೂ ಅವನ ಮನೆ ವಿಳಾಸವೇ. ಹೋದ ತಿಂಗಳಂತೂ, ಅಣ್ಣ ಬದುಕಿದಾನೋ ಇಲ್ವೋ ಅಂತ ಕರ್ಚೀಫ್ ಬೇರೆ ತೆಗೆದ. ನಾನೂ ಎರಡು ನಿಮಿಷ ಟೋಪಿ ತೆಗೆದು ನಿಂತೆ."

"ಮತ್ತೆ ಇಲ್ಲಿಗೆ ಹೇಗೆ ಬಂದ್ರಿ?"

"ನಮ್ಮ ಆಫೀಸಿನ ಟೈಪಿಸ್ಟ್ ಹುಡುಗಿ ಇದಾಳೆ, ಅವಳಪ್ಪ ಸರ್ಕಸ್ನಲ್ಲಿದ್ದೋನು. ನಾನು ತಲೆ ಚಚ್ಕೊಳ್ಳೋದು ನೋಡಿ ನಕ್ಕಳು. ನಾಟಕದವರ ವಾರಪತ್ರಿಕೆ ತಗೊಳ್ಳಿ, ಯಾವ ಡೇರೆ ಯಾವ ವಾರ ಯಾವ ಊರಲ್ಲಿ ಅಂತ ಹಿಂದಿನ ಪುಟದಲ್ಲಿ ಇರತ್ತೆ ಅಂದ್ಲು."

ಆರಿನ್, ನೀನು ಡೇರೆಯಲ್ಲಿ ಹುಟ್ಟಿದವನು. ಪ್ರತಿ ವಾರ ಆ ಪುಟಕ್ಕೆ ನಮ್ಮ ಊರುಗಳನ್ನು ಬರೆದು ಕಳಿಸುತ್ತಿದ್ದವನೇ ನೀನು. ಅಣ್ಣನನ್ನು ಬಚ್ಚಿಡಲು ಹೊರಟವನು ಆ ಪುಟವನ್ನೇ ಮರೆತೆಯಾ? ಅಷ್ಟು ಬೇಗ ಸಿನಿಮಾದವನಾಗಿಬಿಟ್ಟೆಯಾ?

ಮಿನೆಟ್ ಕೈಯಲ್ಲಿದ್ದ ಸುತ್ತಿಗೆಯನ್ನು ನೆಲಕ್ಕೆ ಹಾಕಿದಳು. "ಅಯ್ಯೋ ಪಾಪಿ. ಮಾರ್ಚಲ್ಲಿ ಕಾಗದ ಬರೆದು ನನಗೆ ನೆನಪು ಬೇರೆ ಹೇಳಿದಾನೆ" ಎಂದಳು. ಅವಳ ಕಣ್ಣಲ್ಲಿ ನೀರು ಬಂತು. ನನಗೆ ಏನು ಬಂತು ಗೊತ್ತೇ? ನಗು. ಗೂಟಗಳ ರಾಶಿಯ ಮೇಲೆ ಕೂತು ನಕ್ಕೆ. ಗ್ಯಾಫ್ನಿ ಹೆದರಿ ಒಂದು ಹೆಜ್ಜೆ ಹಿಂದೆ ಸರಿದ, ಮತ್ತೆ ಕೆಸರಿಗೆ ಕಾಲಿಟ್ಟ.

ಯಾಕೆ ನಕ್ಕೆ ಎಂದು ನೀನು ಕೇಳಬಹುದು. ಬ್ರೋಕನ್ ಬೋ ಊರಿನ ಚಿತ್ರಮಂದಿರದಲ್ಲಿ ಕೂತಾಗಿನಿಂದ ಈ ಬೆಂಕಿಯನ್ನು ನಾನೊಬ್ಬನೇ ಹೊತ್ತು ತಿರುಗುತ್ತಿದ್ದೇನೆ ಎಂದುಕೊಂಡಿದ್ದೆ. ನೀನು ದೊಡ್ಡವನಾದೆ, ನಾನು ಸಣ್ಣವನಾದೆ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಗಿತ್ತು. ಈಗ ನೋಡಿದರೆ ಒಂಟಿ ಹೆಸರಿನವನು, ಮೂರು ವರ್ಷದ ಕರಾರಿನವನು, ನನ್ನ ನಾಲ್ಕು ಸಾಲಿನ ದನಿಗೆ ಹೆದರಿ ನನ್ನನ್ನು ಬದುಕಿದ್ದಂತೆಯೇ ಹೂತಿದ್ದಾನೆ. ಯಾವ ಊರಿನ ಚಪ್ಪಾಳೆಯೂ ನನಗೆ ಇಷ್ಟು ಹಿತವಾಗಿರಲಿಲ್ಲ.

ಗ್ಯಾಫ್ನಿ ಆ ಮಾತುಗಳನ್ನು ಅಲ್ಲೇ ಒಮ್ಮೆ ಹೇಳಿ ತೋರಿಸಿ ಎಂದ. ಮಿನೆಟ್ಟನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದೆ. ಬರಲಿಲ್ಲ. ಪಾದ್ರಿಯ ಪ್ರಾರ್ಥನೆಯಂತಿತ್ತು. ಗ್ಯಾಫ್ನಿಯ ಮುಖ ಬಾಡಿತು, ಮಿನೆಟ್ ಕೊಟ್ಟಿದ್ದ ಕಾಫಿಯ ಲೋಟ ಬಾಯಿಗೆ ಹೋಯಿತು. ಆಗ ಮಿನೆಟ್ಟನ್ನು ಪಕ್ಕಕ್ಕೆ ಸರಿಸಿ, ಅಲ್ಲಿ ನಿನ್ನನ್ನು ನಿಲ್ಲಿಸಿಕೊಂಡೆ, ಕರ್ಚೀಫ್ ಸಮೇತ. "ಅಮ್ಮನಿಗೆ ಹೇಳ್ತೀನಿ. ನೀನು ಚೆನ್ನಾಗಿದೀಯ ಅಂತ ಹೇಳ್ತೀನಿ." ಲೋಟ ತುಟಿಯ ಹತ್ತಿರವೇ ನಿಂತುಹೋಯಿತು. ಅವನು ಮತ್ತೊಂದು ಮಾತನಾಡದೆ ಕಾರಿನಿಂದ ಕರಾರಿನ ಕಾಗದ ತಂದ.

ಹೊಸ ಚಿತ್ರದಲ್ಲಿ ನಾವಿಬ್ಬರೂ ಇದ್ದೇವೆ. ಬಾಗಿಲಿನ ಎರಡು ಬದಿಗೆ ಇಬ್ಬರು ಶತ್ರುಗಳು, ಇಬ್ಬರ ಮುಖಕ್ಕೂ ಕ್ಲೋಸಪ್ ಇದೆ. ಸಹಿ ಹಾಕುವ ಮೊದಲು ನಾನೊಂದೇ ಷರತ್ತು ಬರೆಸಿದೆ: ನಿನ್ನ ಮುಖ ತೆಗೆಯುವಾಗ ಕ್ಯಾಮೆರಾದ ಪಕ್ಕ ನಾನೇ ನಿಲ್ಲಬೇಕು, ನನ್ನದು ತೆಗೆಯುವಾಗ ನೀನೇ. ಹಾಳೆ ಹಿಡಿದ ಹುಡುಗಿಗೆ ಅವತ್ತು ರಜೆ.

ಮುಂದಿನ ವಾರದ ಬಸ್ಸಿಗೆ ಹೊರಡುತ್ತೇನೆ. ಡೇರೆಯನ್ನು ಸೋದರಮಾವನಿಗೆ ಬಿಟ್ಟು ಈ ಸಲ ಮಿನೆಟ್ಟೂ ಬರುತ್ತಾಳೆ. ನಿನ್ನನ್ನು ನಾಲ್ಕು ಮಾತು ಬೈದ ಮೇಲೆಯೇ ಊಟ ಮಾಡುತ್ತಾಳಂತೆ, ಅಡುಗೆ ಜಾಸ್ತಿ ಮಾಡಿಸು.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ನನ್ನ ಸರದಿ ಬಂದಾಗ ನನಗಾಗಿ ಅಳಬೇಡ. ಒಂದು ಸಲ ನೀನು ಅತ್ತೆ, ನನ್ನ ಮುಖ ಕಸದ ಬುಟ್ಟಿಗೆ ಹೋಯಿತು. "ಅವನ ವಿಳಾಸ ನನಗೆ ಗೊತ್ತಿಲ್ಲ" ಎಂದು ಗ್ಯಾಫ್ನಿಗೆ ಹೇಳಿದಾಗ ನಿನ್ನ ಮುಖ ಹೇಗಿತ್ತೋ, ಹಾಗೆಯೇ ಇಟ್ಟುಕೊಂಡು ನನ್ನೆದುರು ನಿಲ್ಲು. ಮಿಕ್ಕಿದ್ದನ್ನು ನಾನು ಮಾಡಿಕೊಳ್ಳುತ್ತೇನೆ.

ನಿನ್ನ ಅಣ್ಣ,
ಡೆಲ್ಮಾರ್